ಕೆಲಸ ಬಿಟ್ಟವರ ಬಗ್ಗೆ ಹೊಸ ಕಂಪನಿಯವರು ವಿಚಾರಿಸಿದರೆ ಎಷ್ಟು ಹೇಳಬೇಕು?

ಮಂಗಳೂರಿನ ಬೈಕಂಪಾಡಿಯ ನಿಮ್ಮ ಫ್ಯಾಕ್ಟರಿ ಬಿಟ್ಟ ಅಕೌಂಟೆಂಟ್ ಬಗ್ಗೆ ಹೊಸ ಕಂಪನಿಯವರು ಫೋನ್ ಮಾಡಿದ್ದಾರೆ, ಏನು ಹೇಳಲಿ ಎಂದು ಕೇಳಿದ್ದೀರಿ. ಫೋನಿನಲ್ಲಿ ಬೇಡ, ಇಮೇಲ್ ಕಳಿಸಲು ಹೇಳಿ. ಯಾರು ಕೇಳುತ್ತಿದ್ದಾರೆ ಎಂದು ಗೊತ್ತಾಗಬೇಕಲ್ವಾ?

ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟನ್ನು ದಾಖಲೆ ನೋಡಿ ಬರೆಯಿರಿ. ಸಂಬಳದ ವಿಷಯ ಆ ಅಕೌಂಟೆಂಟ್ ಒಪ್ಪಿಗೆ ಇದ್ದರೆ ಮಾತ್ರ.

ಕೆಲಸ ಹೇಗಿತ್ತು ಎಂದರೆ ನೀವೇ ಕಂಡದ್ದನ್ನು ಹೇಳಿ. 'ತಿಂಗಳ ಲೆಕ್ಕ ತಡವಾಗುತ್ತಿತ್ತು' ಎನ್ನಬಹುದು. ಪುರಾವೆ ಇಲ್ಲದೆ 'ಕಳ್ಳ' ಎಂದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾನನಷ್ಟ ಕೇಸು ಬೀಳಬಹುದು. ಹಾಗಂತ ಸುಮ್ನೆ ಹೊಗಳಲೂ ಬೇಡಿ. ಮಂಗಳೂರಿನಲ್ಲಿ ಎಲ್ಲರಿಗೂ ಎಲ್ಲರ ಪರಿಚಯ, ಸುಳ್ಳು ಜಾಸ್ತಿ ದಿನ ನಿಲ್ಲುವುದಿಲ್ಲ.

ಸರ್ವಿಸ್ ಸರ್ಟಿಫಿಕೇಟನ್ನಂತೂ ಸಿಟ್ಟಿನಿಂದ ತಡೆಹಿಡಿಯಬೇಡಿ.