‘ಕಲರ್ಡ್’ ಪದವನ್ನು ನಾವೇಕೆ ಕೈಬಿಡಲಿಲ್ಲ

(ದಕ್ಷಿಣ ಆಫ್ರಿಕಾದ ಗಾಯಕಿ ಟೈಲಾ ಅವರನ್ನು ಕಳೆದ ಸಂಚಿಕೆಯಲ್ಲಿ ‘ಕಲರ್ಡ್’ ಎಂದು ಬರೆದದ್ದಕ್ಕೆ ಶಿರಸಿಯ ಓದುಗರೊಬ್ಬರು ಆಕ್ಷೇಪಿಸಿದ್ದಾರೆ. ಅದು ಕಪ್ಪುಜನರನ್ನು ಹೀಗಳೆಯುವ ಮಾತು, ಆ ಪದದ ಮರೆಯಲ್ಲಿ ಆಕೆ ತಾನು ಕಪ್ಪು ಎಂಬುದನ್ನೇ ಮುಚ್ಚಿಡುತ್ತಿದ್ದಾರೆ ಎಂದು ಇಂಟರ್ನೆಟ್ಟಿನಲ್ಲಿ ಓದಿದೆ ಎನ್ನುತ್ತಾರೆ.)

ಮಾನ್ಯರೆ,

ಅಮೆರಿಕದ ಮಟ್ಟಿಗೆ ನಿಮ್ಮ ಮಾತು ನಿಜ. ಅಲ್ಲಿ ಕುಡಿಯುವ ನೀರಿನ ನಲ್ಲಿಯ ಮೇಲೂ ‘ಕಲರ್ಡ್’ ಎಂಬ ಬೋರ್ಡು ಹಾಕಿ ಕಪ್ಪುಜನರನ್ನು ದೂರ ಇಟ್ಟಿದ್ದರು. ವರ್ಜೀನಿಯಾದ 1924ರ ಕಾಯ್ದೆಯ ಪ್ರಕಾರ ಆಫ್ರಿಕಾದ ರಕ್ತ ಒಂದು ಹನಿ ಇದ್ದರೂ ಮನುಷ್ಯ ಬಿಳಿಯನಲ್ಲ. ಈ ಲೆಕ್ಕದಲ್ಲಿ ಇರುವುದು ಎರಡೇ ಮನೆ: ಬಿಳಿ, ಕಪ್ಪು. ಅದನ್ನೇ ಕೇಪ್‌ಟೌನಿಗೂ ಹಚ್ಚಲು ಹೋದಾಗ ಎಡವಟ್ಟಾಗುತ್ತದೆ.

1652ರಲ್ಲಿ ಡಚ್ಚರು ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ನಲ್ಲಿ ನೆಲೆಯೂರಿದರು. 1808ರಲ್ಲಿ ಗುಲಾಮರ ಆಮದು ನಿಲ್ಲುವ ಹೊತ್ತಿಗೆ ಸುಮಾರು 63,000 ಜನರನ್ನು ಹಡಗುಗಳಲ್ಲಿ ತಂದು ಇಳಿಸಲಾಗಿತ್ತು. ಆಫ್ರಿಕಾದ ಪೂರ್ವ ಭಾಗ, ಮಡಗಾಸ್ಕರ್, ಇಂಡೊನೇಷ್ಯಾದ ದ್ವೀಪಗಳು ಮತ್ತು ನಮ್ಮ ಭಾರತ: ಒಂದೊಂದು ಕಡೆಯಿಂದ ಹೆಚ್ಚುಕಡಿಮೆ ಕಾಲುಭಾಗ. ಹಳೆಯ ದಾಖಲೆಗಳಲ್ಲಿ ‘ವಾನ್ ಬೆಂಗಾಲೆ’ (ಬಂಗಾಳದ), ‘ವಾನ್ ಮಲಬಾರ್’ (ಮಲಬಾರಿನ) ಎಂಬ ಹೆಸರುಗಳು ಸಿಗುತ್ತವೆ. ಹೆಸರು ಕೇಳುವ ಗೊಡವೆಯೂ ಬೇಡವೆಂದು ಎಷ್ಟೋ ಜನರಿಗೆ ತಿಂಗಳ ಹೆಸರನ್ನೇ ಅಂಟಿಸಿದರು. ಫೆಬ್ರವರಿ, ಏಪ್ರಿಲ್, ಸೆಪ್ಟೆಂಬರ್ ಎಂಬ ಮನೆತನದ ಹೆಸರುಗಳು ಇಂದಿಗೂ ಉಳಿದಿವೆ. ಇವರೂ, ಆ ನೆಲದ ಮೂಲನಿವಾಸಿಗಳಾದ ಖೋಯ್ ಮತ್ತು ಸಾನ್ ಜನರೂ, ಯುರೋಪಿನಿಂದ ಬಂದವರೂ ಬೆರೆತು ತಲೆಮಾರುಗಳ ಮೇಲೆ ಬೆಳೆದದ್ದು ಕಲರ್ಡ್ ಸಮುದಾಯ. ಹೆಚ್ಚಿನವರ ಮನೆಮಾತು ಆಫ್ರಿಕಾನ್ಸ್. 2022ರ ಜನಗಣತಿಯಲ್ಲಿ ಇವರು ಶೇ. 8.2, ಅಂದರೆ ಸುಮಾರು 50 ಲಕ್ಷ. ಅಪ್ಪ ಬಿಳಿಯ, ಅಮ್ಮ ಕಪ್ಪು ಆದರೆ ಮಗು ಕಲರ್ಡ್ ಎಂದು ಎಲ್ಲೆಡೆ ಹಂಚಿಕೆಯಾಗುವ ವಿವರಣೆ ಆದ್ದರಿಂದ ಸಾಲದು. ಇವರಲ್ಲಿ ಹೆಚ್ಚಿನವರ ಅಪ್ಪ ಅಮ್ಮ, ಅಜ್ಜ ಅಜ್ಜಿ ಎಲ್ಲರೂ ಕಲರ್ಡ್‌ ಜನರೇ.

ಈ ಪದಕ್ಕೆ ಅಲ್ಲಿ ನೋವಿಲ್ಲ ಎಂದಲ್ಲ. 1950ರ ಜನಸಂಖ್ಯಾ ನೋಂದಣಿ ಕಾಯ್ದೆಯಲ್ಲಿ ಬಿಳಿಯನೂ ಅಲ್ಲದ, ‘ನೇಟಿವ್’ (ಕಪ್ಪು ಆಫ್ರಿಕನ್) ಕೂಡ ಅಲ್ಲದ ವ್ಯಕ್ತಿಯೇ ಕಲರ್ಡ್. ಉಳಿದವರನ್ನೆಲ್ಲ ತುಂಬುವ ಚೀಲ ಅದು; ಭಾರತೀಯರನ್ನೂ ಮೊದಲು ಅದರಲ್ಲೇ ಹಾಕಿದ್ದರು. ಅಳತೆ ಎರಡು: ನೋಡಲು ಹೇಗಿದ್ದೀರಿ, ಜನ ನಿಮ್ಮನ್ನು ಏನೆಂದು ಒಪ್ಪಿದ್ದಾರೆ. ಅನುಮಾನ ಬಂದರೆ ಕೂದಲಿಗೆ ಪೆನ್ಸಿಲ್ ಸಿಕ್ಕಿಸುತ್ತಿದ್ದರು. ಜಾರಿ ಬಿದ್ದರೆ ಬಿಳಿಯ, ನಿಂತರೆ ಅಲ್ಲ. ಕಾಯ್ದೆಯಲ್ಲಿ ಈ ಪರೀಕ್ಷೆ ಬರೆದಿರಲಿಲ್ಲ, ಅಧಿಕಾರಿಗಳ ರೂಢಿ. ಕೂದಲು ಒಬ್ಬೊಬ್ಬರದು ಒಂದೊಂದು ತರಹ ಇರುವುದರಿಂದ ಒಡಹುಟ್ಟಿದವರೇ ಬೇರೆ ಬೇರೆ ವರ್ಗಕ್ಕೆ ಬಿದ್ದರು. ಬೇರೆ ವರ್ಗವೆಂದರೆ ಬೇರೆ ಶಾಲೆ, ಬೇರೆ ಬಡಾವಣೆ. ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯನ್ನು 1966ರಲ್ಲಿ ಬಿಳಿಯರದೆಂದು ಘೋಷಿಸಿ ಸುಮಾರು 60,000 ಜನರನ್ನು ಎಬ್ಬಿಸಿದರು. ಕಾಯ್ದೆ ರದ್ದಾದದ್ದು 1991ರಲ್ಲಿ. ಸರ್ಕಾರ ಹಚ್ಚಿದ ಆ ಹೆಸರನ್ನು ಇಂದಿಗೂ ಒಪ್ಪದೆ ‘ಕಲರ್ಡ್ ಎನ್ನಿಸಿಕೊಂಡವರು’ ಎಂದೇ ಬರೆಯುವವರಿದ್ದಾರೆ. ತಾವು ಖೋಯ್ ಎನ್ನುವವರೂ ಇದ್ದಾರೆ. ಅದು ಅವರ ಹಕ್ಕು. ಹೊರಗಿನವರು ತೀರ್ಪು ಕೊಡುವ ವಿಷಯವಲ್ಲ.

ಇನ್ನು ಕಪ್ಪುತನ ಮುಚ್ಚಿಡುವ ಮಾತು. 1970ರ ದಶಕದಲ್ಲಿ ವರ್ಣಭೇದದ ವಿರುದ್ಧ ಹೋರಾಡಿದ ಸ್ಟೀವ್ ಬಿಕೋ ಕಟ್ಟಿದ ಚಳವಳಿಯಲ್ಲಿ ‘ಕಪ್ಪು’ ಎಂದರೆ ವರ್ಣಭೇದ ತುಳಿದ ಎಲ್ಲರೂ: ಆಫ್ರಿಕನ್ನರು, ಕಲರ್ಡ್ ಜನ, ಭಾರತೀಯ ಮೂಲದವರು. 1998ರ ಉದ್ಯೋಗ ಸಮಾನತೆ ಕಾಯ್ದೆಯ ವ್ಯಾಖ್ಯೆಯೂ ಇದೇ. ಒಬ್ಬರು ಕಲರ್ಡ್ ಆಗಿದ್ದೂ ಕಪ್ಪು ಆಗಿರಬಹುದು. ಟೈಲಾ 2024ರಲ್ಲಿ ಹೇಳಿದ್ದೂ ಅಷ್ಟೆ: ದಕ್ಷಿಣ ಆಫ್ರಿಕಾದಲ್ಲಿ ತಾನು ಕಲರ್ಡ್, ಜೊತೆಗೆ ಕಪ್ಪು ಮಹಿಳೆ, ಅದನ್ನು ಎಂದೂ ಅಲ್ಲಗಳೆದಿಲ್ಲ.

ನಮ್ಮದೂ ಒಂದು ತಪ್ಪಿದೆ. ಇಂಗ್ಲಿಷಿನಲ್ಲಿ ಅಮೆರಿಕದ ಪದಕ್ಕೂ ದಕ್ಷಿಣ ಆಫ್ರಿಕಾದ ಪದಕ್ಕೂ ಒಂದಕ್ಷರದ ವ್ಯತ್ಯಾಸ ಕಾಣುತ್ತದೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ. ಮುಂದೆ ‘ದಕ್ಷಿಣ ಆಫ್ರಿಕಾದ ಕಲರ್ಡ್ ಸಮುದಾಯ’ ಎಂದು ಪೂರ್ತಿಯಾಗಿ ಬರೆಯುತ್ತೇವೆ. ‘ಬಣ್ಣದವರು’ ಎಂದು ಅನುವಾದಿಸುವುದಿಲ್ಲ.