ಹಿಂಬರಹ ಕೇಳುವವರು ಬೇಕು

‘ಖಜಾನೆಯಲ್ಲಿ ದುಡಿದು ನಿವೃತ್ತನಾಗಿದ್ದೇನೆ. ಗೆಳೆಯರು ತಿಂಗಳಿಗೊಂದು ಉಚಿತ ಆರೋಗ್ಯ ಶಿಬಿರ ಮಾಡೋಣ ಎನ್ನುತ್ತಾರೆ. ನನಗೋ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಸರಿಯಾದರೆ ಸಾಕೆನಿಸುತ್ತದೆ. ಈ ವಯಸ್ಸಲ್ಲಿ ಊರ ಉಸಾಬರಿ ಯಾಕೆಂದು ಮನೆಯವರ ಆಕ್ಷೇಪ. ಏನು ಮಾಡಲಿ?’
– ಓದುಗರೊಬ್ಬರು, ತಿಪಟೂರು ತಾಲ್ಲೂಕು

ಶಿಬಿರ ಬೇಡವೆನ್ನಲಾರೆ. ಬಿಪಿ ಇರುವುದೇ ಗೊತ್ತಿಲ್ಲದವರಿಗೆ ಅಂದು ಗೊತ್ತಾಗುತ್ತದೆ. ಆದರೆ ಆಮೇಲೆ? ನನ್ನ ಸೋದರತ್ತೆಗೆ ಸಕ್ಕರೆ ಕಾಯಿಲೆ ಪತ್ತೆಯಾದದ್ದು ಇಂಥದ್ದೇ ಶಿಬಿರದಲ್ಲಿ. ಹದಿನೈದು ದಿನದ ಮಾತ್ರೆ ಕೊಟ್ಟರು, ಫೋಟೊ ತೆಗೆದರು. ಅದು ಮುಗಿದ ಮೇಲೆ ಆರೋಗ್ಯ ಕೇಂದ್ರಕ್ಕೆ ಹೋದರೆ ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಎಂಬ ಉತ್ತರ. ದುಡ್ಡು ಸಾಲದೆ ಅತ್ತೆ ದಿನ ಬಿಟ್ಟು ದಿನ ಮಾತ್ರೆ ನುಂಗುತ್ತಿದ್ದದ್ದು, ಕಾಲಿನ ಹುಣ್ಣು ಕೊಳೆತ ಮೇಲಷ್ಟೇ ನಮಗೆ ತಿಳಿಯಿತು.

ಸ್ಟಾಕ್ ಯಾಕಿಲ್ಲ, ಔಷಧಿ ಬೇಕೆಂಬ ಇಂಡೆಂಟ್ ಯಾವತ್ತು ಹೋಯಿತು, ಫೈಲು ಯಾರ ಮೇಜಿನ ಮೇಲೆ ಕೂತಿದೆ ಎಂದು ಅಂದು ಕೇಳಬಲ್ಲವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ನೀವಿದ್ದೀರಿ! ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೊಡದೆ ಅರ್ಜಿ ಮುಚ್ಚುವಂತಿಲ್ಲ ಎಂಬುದು ನಿಮಗೆ ಗೊತ್ತು. ಕ್ಯಾಶ್ ಬುಕ್ ಓದಲು ಬರುತ್ತದೆ. ಊರಿಗೆ ಅದಕ್ಕಿಂತ ದೊಡ್ಡ ದಾನ ಯಾವುದು?

ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಚಿಕಿತ್ಸೆ ನೀಡುತ್ತ ಬಂದ ಡಾ. ಸುದರ್ಶನ್ ಅವರನ್ನೇ ನೋಡಿ. ಚಿಕಿತ್ಸೆಯೊಂದೇ ಸಾಲದೆಂದು ಅವರು ವ್ಯವಸ್ಥೆಗೇ ಕೈಹಾಕಿದರು. ಅವರ ಅಧ್ಯಕ್ಷತೆಯ ರಾಜ್ಯ ಆರೋಗ್ಯ ಕಾರ್ಯಪಡೆ 2001ರಲ್ಲಿ ಕೊಟ್ಟ ವರದಿ ಭ್ರಷ್ಟಾಚಾರವನ್ನು ಮುಖ್ಯ ಸಮಸ್ಯೆಗಳ ಸಾಲಿನಲ್ಲಿ ಬಿಡಿಸಿ ಹೇಳಿತು. ಅದಕ್ಕೂ ಮೊದಲು, ಪ್ರಾಥಮಿಕ ಆರೋಗ್ಯ ಸೇವೆ ಕುರಿತ ಅಂತಾರಾಷ್ಟ್ರೀಯ ಸಮ್ಮೇಳನ ಹೊರಡಿಸಿದ 1978ರ ಆಲ್ಮಾ ಆಟಾ ಘೋಷಣೆ, ಆರೋಗ್ಯ ಸೇವೆಯ ಯೋಜನೆಯಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದಿತ್ತು. 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಊರೂರಿಗೆ ಆರೋಗ್ಯ ಸಮಿತಿ, ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಬಂದವು. ಅದೇ ವರ್ಷ ಮಾಹಿತಿ ಹಕ್ಕೂ ಬಂತು: 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಬಾಗಿಲು ತೆರೆದೇ ಇದೆ, ಒಳಗೆ ಹೋಗುವವರಿಲ್ಲ.

‘ಸರಿಯಾದರೆ ಸಾಕು’ ಎಂದಿರಲ್ಲ, ಆ ಮಾತು ನನಗೆ ಹಿಡಿಸಲಿಲ್ಲ. ತಾನಾಗಿ ಯಾವುದು ಸರಿಯಾದೀತು ಸ್ವಾಮಿ? ಬ್ರೆಡ್ಡು, ಬಾಳೆಹಣ್ಣು ಹಂಚಿದ ಫೋಟೊಗಳು ನಮ್ಮ ಕಚೇರಿಗೆ ವಾರವಾರವೂ ಬರುತ್ತವೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಔಷಧಿಯ ಲೆಕ್ಕ ಕೇಳಿದೆವೆಂಬ ಪತ್ರ ಒಂದೂ ಬಂದಿಲ್ಲ. ಕೊಡುವವನನ್ನು ಹಾರ ಹಾಕಿ ಕೂರಿಸುತ್ತೇವೆ, ಕೇಳುವವನನ್ನು ತಕರಾರಿನವನೆಂದು ದೂರ ಇಡುತ್ತೇವೆ. ಶಾಲೆ, ರೇಷನ್, ಕೆರೆ ಎಲ್ಲದರ ಪಾಡೂ ಇದರಿಂದಲೇ ಕೆಟ್ಟಿದೆ.

ಮನೆಯವರಿಗೆ ಈ ಪುಟ ಓದಿ ಹೇಳಿ. ಮೊದಲ ದಿನವೇ ವೈದ್ಯರ ಮೇಲೆ ಹರಿಹಾಯಬೇಡಿ, ಎಷ್ಟೋ ಕಡೆ ಅವರೂ ಔಷಧಿಗಾಗಿ ಕಾದು ಸೋತಿರುತ್ತಾರೆ. ಗುರುವಾರ ಲಸಿಕೆಯ ದಿನ, ಆಶಾ ಕಾರ್ಯಕರ್ತೆಯರು ಸಿಗುತ್ತಾರೆ. ಅವರ ಜೊತೆ ಕೂತು, ಯಾವ ಮಾತ್ರೆ ಎಷ್ಟು ದಿನದಿಂದ ಇಲ್ಲವೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆ ಪಟ್ಟಿಯ ಒಂದು ಪ್ರತಿ ನನಗೂ ಕಳಿಸಿ.

– ಸಂಪಾದಕ