ಕಪಾಟಿಗೆ ಬೀಗ ಹಾಕಿದರೂ ನಂಬರ್ ಏರಿತು

(ಮನೆಯವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗಿಯನ್ನು ಕೂಸು ಎಂದೇ ಕರೆದಿದ್ದೇನೆ.)

ಶಿರಸಿ ಕಡೆಯ ಅಡಿಕೆ ತೋಟದ ಮನೆ. ಕೂಸಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಬೋರ್ಡು ಕಾಣುತ್ತಿಲ್ಲ ಎಂದು ಟೀಚರ್ ಹೇಳಿದ ಮೇಲೆ ಕಣ್ಣು ತೋರಿಸಿದರು. ಮೈನಸ್ ಒಂದೂಕಾಲು ಬಂತು. ಕತೆ ಪುಸ್ತಕ ಸಿಕ್ಕಿದರೆ ಊಟ ಮರೆಯುವ ಹುಡುಗಿ ಅವಳು. ಹಾಗಾಗಿ ಮನೆಯವರ ಸಿಟ್ಟೆಲ್ಲ ಪುಸ್ತಕದ ಮೇಲೆ ತಿರುಗಿತು. ಅಪ್ಪ ಕಪಾಟಿಗೆ ಬೀಗ ಹಾಕಿದರು. ಎಂಟು ತಿಂಗಳು ಬಿಟ್ಟು ನೋಡಿಸಿದಾಗ ನಂಬರ್ ಎರಡಾಗಿತ್ತು.

ಆದರೆ ಅವರು ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದದ್ದು ಬೇರೆ ಕಾರಣಕ್ಕೆ. ಕೂಸು ಮಾತು ಕಡಿಮೆ ಮಾಡಿದ್ದಳು. ರಾತ್ರಿ ಕಂಬಳಿಯೊಳಗೆ ಮೊಬೈಲ್ ಟಾರ್ಚ್ ಹಿಡಿದು ಓದುವಾಗ ಸಿಕ್ಕಿಬಿದ್ದಿದ್ದಳು. ಕೇಳಿದರೆ ಇಲ್ಲ ಎಂದು ಸುಳ್ಳು ಹೇಳಿದಳಂತೆ. ಆಯಿಗೆ, ಅಂದರೆ ಅವಳ ಅಮ್ಮನಿಗೆ, ನೋವಾದದ್ದು ಆ ಸುಳ್ಳಿಗೆ. "ನಮ್ಮ ಕೂಸು ಹಾಗೆ ಮಾಡುವವಳಲ್ಲ ಮೇಡಂ" ಎಂದು ಮತ್ತೆ ಮತ್ತೆ ಹೇಳಿದರು.

ಕೂಸಿನ ಜೊತೆ ಒಬ್ಬಳೇ ಕೂತು ಮಾತಾಡಿದೆ. ಶಾಲೆ, ಗೆಳತಿಯರು ಅಂತ ಸುಮ್ನೆ ಶುರುಮಾಡಿದೆ. ಬಹಳ ಹೊತ್ತಿನ ನಂತರ ಅವಳೇ ಕೇಳಿದಳು: "ಓದಿದರೆ ನಾನು ಕುರುಡಿ ಆಗ್ತೀನಾ?" ಮನೆಯಲ್ಲಿ ಯಾರೋ ಸಿಟ್ಟಿನಲ್ಲಿ ಆಡಿದ ಮಾತು ಅದು. ಆಡಿದವರಿಗೆ ನೆನಪೂ ಇರಲಿಲ್ಲ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವಳು ಕದ್ದು ಓದುತ್ತಿದ್ದಳು. ಇಷ್ಟದ ಕೆಲಸ ಮಾಡುವಾಗೆಲ್ಲ ಹೆದರಿಕೆ. ಎಷ್ಟು ಕಷ್ಟ ಆಗಿರಬೇಕು ಅಲ್ವಾ? ಕತೆ ಓದಿದ್ದಕ್ಕೆ ಯಾರೂ ಕುರುಡರಾಗುವುದಿಲ್ಲ, ಕನ್ನಡಕ ಹಾಕಿದರೆ ದೂರದ್ದೂ ಕಾಣುತ್ತದೆ ಎಂದು ನೇರವಾಗಿ ಹೇಳಿದೆ. ಅಜ್ಜಿಗೆ ಕನ್ನಡಕ ಕಂಡರೆ ಆಗುವುದಿಲ್ಲ, ಅದಕ್ಕೆ ಮನೆಯಲ್ಲಿ ತೆಗೆದಿಡುತ್ತೇನೆ ಎಂದಳು.

ಆಮೇಲೆ ಅವಳ ಒಂದು ದಿನವನ್ನು ಅಪ್ಪ, ಆಯಿ ಇಬ್ಬರಿಂದಲೂ ಬರೆಸಿದೆ. ಬೆಳಿಗ್ಗೆ ವ್ಯಾನು, ಸಂಜೆ ವ್ಯಾನು. ಬಂದ ಕೂಡಲೇ ಹೋಂವರ್ಕ್. ಪುಸ್ತಕ ಕಿತ್ತುಕೊಂಡ ಬೇಜಾರು ಕಳೆಯಲಿ ಎಂದು ಅರ್ಧ, ಮುಕ್ಕಾಲು ಗಂಟೆ ಮೊಬೈಲ್. ಮೊಬೈಲನ್ನು ಮಕ್ಕಳು ಪುಸ್ತಕಕ್ಕಿಂತ ಹತ್ತಿರ ಹಿಡಿಯುತ್ತಾರೆ. ಬಯಲಿನಲ್ಲಿ ಕಳೆದ ಹೊತ್ತು ಎಷ್ಟು ಅಂತ ಹುಡುಕಿದರೆ, ಅಂಗಳ ದಾಟಿ ವ್ಯಾನು ಹತ್ತುವಷ್ಟು ಮಾತ್ರ.

ಅಪ್ಪನಿಗೆ ವಿವರಿಸಿದ್ದು ಇದನ್ನೇ. ಕಣ್ಣಿನ ಗುಡ್ಡೆ ಉದ್ದಕ್ಕೆ ಬೆಳೆದಾಗ ಮೈನಸ್ ಬರುತ್ತದೆ. ಅದರಲ್ಲಿ ಮನೆತನದ ಪಾಲೂ ಇದೆ. ಅವರೇ ಹೈಸ್ಕೂಲಿನಿಂದ ಕನ್ನಡಕ ಹಾಕುವವರು. ಬಿಡುವಿಲ್ಲದೆ ಹತ್ತಿರದಿಂದ ನೋಡುವುದರ ಪಾಲೂ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಹಗಲಿನ ಬೆಳಕು ಸಿಗದಿರುವುದು ದೊಡ್ಡ ಕಾರಣ. ಹೊರಗಿನ ಬೆಳಕಿಗೆ ಕಣ್ಣಿನ ಒಳಪರದೆಯಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದು ಗುಡ್ಡೆ ಉದ್ದವಾಗುವುದಕ್ಕೆ ಕಡಿವಾಣ ಹಾಕುತ್ತದೆ ಎಂದು ತಜ್ಞರು ಹೇಳುತ್ತಾರೆ. ತೈವಾನ್‌ನಲ್ಲಿ 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಕಳಿಸುವ ಕಾರ್ಯಕ್ರಮ ಮಾಡಿದರು. ವರ್ಷದಿಂದ ವರ್ಷಕ್ಕೆ ಏರುತ್ತಿದ್ದ ದೃಷ್ಟಿದೋಷದ ಪ್ರಮಾಣ ಆನಂತರ ಇಳಿಯತೊಡಗಿತು. ಅಲ್ಲಿ ಯಾರೂ ಪುಸ್ತಕ ಬಚ್ಚಿಡಲಿಲ್ಲ.

"ನಮ್ಮಲ್ಲಿ ಮಳೆಗಾಲ ಇದ್ಯಲ್ಲ ಮೇಡಂ" ಎಂದರು ಅಪ್ಪ. ನ್ಯಾಯವಾದ ಮಾತೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಕ್ಕಳನ್ನು ಎರಡು ತಾಸು ಎಲ್ಲಿ ಆಡಿಸುವುದು? ಹಂಚಿನ ಮನೆ, ಇಳಿಬಿದ್ದ ಮಾಡು, ಸಣ್ಣ ಕಿಟಕಿ. ಹಗಲಲ್ಲೂ ಒಳಗೆ ಕತ್ತಲೆ, ಕರೆಂಟ್ ಇದ್ದರೆ ಇದೆ. ಆದರೂ ಮೋಡದ ದಿನ ಕೂಡ ಹೊರಗೆ ಸಾವಿರಾರು ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕಿರುತ್ತದೆ. ಒಳಗೆ ಬಲ್ಬಿನಡಿ ಕೆಲವು ನೂರು ಲಕ್ಸ್ ಸಿಕ್ಕರೆ ಹೆಚ್ಚು. ಹಾಗಾಗಿ ಮಳೆ ಹೊಳವಾದಾಗ ಹೋಂವರ್ಕ್ ಅರ್ಧಕ್ಕೆ ಬಿಟ್ಟಾದರೂ ಅಂಗಳಕ್ಕೆ ಕಳಿಸಿ ಎಂದೆ. ವ್ಯಾನಿನವರೆಗೆ ಬೈಕಿನಲ್ಲಿ ಬಿಡುವ ಬದಲು ಕೊಡೆ ಹಿಡಿದು ನಡೆಯಲಿ. ಜೋರು ಮಳೆಯಲ್ಲಿ ಓದುವ ಜಾಗ ಒಳಕೋಣೆ ಬೇಡ, ಜಗಲಿ ಇರಲಿ. ಜಗಲಿ ಅಂಗಳಕ್ಕೆ ಸಮ ಅಲ್ಲ, ಆದರೂ ಎಷ್ಟೋ ವಾಸಿ.

ಕಪಾಟಿನ ಕೀಲಿಯನ್ನು ಕೂಸಿನ ಕೈಗೇ ಕೊಡಿ ಎಂದೆ. ಇದಕ್ಕೆ ಅಪ್ಪ ಒಪ್ಪಲು ಹೊತ್ತು ಹಿಡಿಯಿತು. ಕದ್ದು ಓದುವ ಮಗು ಅತಿ ಕೆಟ್ಟ ಬೆಳಕಿನಲ್ಲಿ, ಮಲಗಿಕೊಂಡು, ಮೂಗಿನ ಹತ್ತಿರ ಹಿಡಿದು ಓದುತ್ತದೆ. ನಿಮ್ಮೆದುರು ಓದಿದರೆ ಅದನ್ನೆಲ್ಲ ಸರಿ ಮಾಡಬಹುದು ಎಂದ ಮೇಲೆ ಒಪ್ಪಿದರು.

ಓದಿನ ಕ್ರಮವನ್ನು ಕೂಸಿನ ಜೊತೆಯೇ ಕೂತು ಮಾಡಿದೆವು. ಮುಷ್ಟಿ ಕೆನ್ನೆಗೆ ಇಟ್ಟರೆ ಮೊಣಕೈ ಎಲ್ಲಿಗೆ ಬರುತ್ತದೋ ಪುಸ್ತಕ ಅಷ್ಟು ದೂರ ಇರಬೇಕು. 20 ನಿಮಿಷಕ್ಕೊಮ್ಮೆ 20 ಅಡಿಗಿಂತ ದೂರದ್ದನ್ನು 20 ಸೆಕೆಂಡು ನೋಡಬೇಕು ಎನ್ನುವುದು ವೈದ್ಯರು ಹೇಳುವ ಲೆಕ್ಕ. ಕತೆಯೊಳಗೆ ಮುಳುಗಿದ ಮಗು ಗಡಿಯಾರ ನೋಡುತ್ತದೆಯೇ? ಹಾಗಾಗಿ ನಾಲ್ಕೈದು ಹಾಳೆ ಮಗುಚಿದ ಮೇಲೆ ಎದ್ದು, ತೋಟದ ಆಚೆ ಬದಿಯ ಅಡಿಕೆ ಮರದ ತುದಿ ನೋಡಿ ಬರುವುದು ಎಂದು ಅವಳೇ ಹೇಳಿದಳು. ಪುಸ್ತಕ ಕೊಳ್ಳುವಾಗ ಅಕ್ಷರದ ಗಾತ್ರ ನೋಡಿ ಎಂದು ಆಯಿಗೆ ಹೇಳಿದೆ. ಒತ್ತಿ ಒತ್ತಿ ಅಚ್ಚು ಹಾಕಿದ ಪುಸ್ತಕದಲ್ಲಿ ಒತ್ತಕ್ಷರ ಕಾಣದೆ ಮಕ್ಕಳು ಬಗ್ಗಿಬಿಡುತ್ತಾರೆ.

ರಾತ್ರಿ ಊಟದ ಮೇಲೆ ಕಣ್ಣಿಗೆ ರಜೆ. ಆಗ ಕತೆ ಕೇಳುವ ಹೊತ್ತು. ಅಜ್ಜಿ ಯಕ್ಷಗಾನ ಎಂದರೆ ನಿದ್ದೆಗೆಡುವವರು, ಪ್ರಸಂಗದ ಕತೆಗಳೆಲ್ಲ ಬಾಯಲ್ಲಿವೆ. ಅವರನ್ನೂ ಕರೆಸಿ ಇದೊಂದು ಕೆಲಸ ವಹಿಸಿಕೊಳ್ಳಿ ಎಂದು ಕೇಳಿಕೊಂಡೆ. ಸಂತೋಷದಿಂದ ಒಪ್ಪಿದರು. ಕನ್ನಡಕದ ವಿಷಯದಲ್ಲಿ ಮಾತ್ರ ಮನಸ್ಸು ಬದಲಿಸಲಿಲ್ಲ. ಕನ್ನಡಕ ಹಾಕಿದ್ದರಿಂದ ನಂಬರ್ ಏರುವುದಿಲ್ಲ, ತೆಗೆದಿಟ್ಟರೆ ಇಳಿಯುವುದೂ ಇಲ್ಲ, ಕ್ಯಾರೆಟ್ ತಿಂದರೂ ಇಳಿಯುವುದಿಲ್ಲ ಎಂದೆ. ತಲೆಯಾಡಿಸಿದರು, ಅಷ್ಟೇ. ಆದರೆ ಕೂಸಿನ ಎದುರು ಆ ಮಾತು ಎತ್ತುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ.

ಕಣ್ಣಿನ ಔಷಧ ನನ್ನ ಕೆಲಸವಲ್ಲ. ಡ್ರಾಪ್ಸ್ ಬಿಟ್ಟು ಪಾಪೆ ಅಗಲಿಸಿ ನಂಬರ್ ನೋಡುವಂತೆ ವೈದ್ಯರನ್ನು ಕೇಳಿ, ಆರು ತಿಂಗಳಿಗೊಮ್ಮೆ ತೋರಿಸಿ ಎಂದು ಕಳಿಸಿದೆ. ಮುಂದಿನ ಸಲ ಕಾಲು ನಂಬರ್ ಏರಿತ್ತು. ಅಪ್ಪ ಗಾಬರಿಯಾಗಿ ಫೋನ್ ಮಾಡಿದರು. ಬೆಳೆಯುವ ವಯಸ್ಸಿನಲ್ಲಿ ಸ್ವಲ್ಪ ಏರುವುದು ಸಹಜ, ಮೊದಲಿನ ಓಟ ಇಲ್ಲವಲ್ಲ ಎಂದೆ. ನಂಬರ್ ಏರುವ ವೇಗ ತಗ್ಗಲಿ ಎಂದು ವೈದ್ಯರು ರಾತ್ರಿ ಹಾಕಲು ಕಡಿಮೆ ಪ್ರಮಾಣದ ಅಟ್ರೋಪಿನ್ ಡ್ರಾಪ್ಸ್ ಕೊಟ್ಟಿದ್ದಾರೆ. ಕೂಸು ಈಗ ಮನೆಯಲ್ಲೂ ಕನ್ನಡಕ ಹಾಕುತ್ತಾಳೆ. ಮಾತೂ ಮರಳಿದೆ.

ಅವಳ ತಮ್ಮನಿಗೆ ಐದು ವರ್ಷ. ಅಪ್ಪನಿಗೂ ಅಕ್ಕನಿಗೂ ಮೈನಸ್ ಇರುವಾಗ ಅವನ ಕಣ್ಣನ್ನೂ ಈಗಲೇ ತೋರಿಸಿ ಎಂದಿದ್ದೇನೆ. ಹೊರಗಿನ ಬೆಳಕು ಮೈನಸ್ ಬಂದ ಮೇಲಿಗಿಂತ ಬರುವ ಮೊದಲು ಜಾಸ್ತಿ ಕೆಲಸ ಮಾಡುತ್ತದೆ. ಒಂದು ಕಣ್ಣು ಮಂದ ಇದ್ದರೂ ಈ ವಯಸ್ಸಿನಲ್ಲಿ ಸರಿಪಡಿಸುವುದು ಸುಲಭ. ಅಕ್ಕನ ಮುಂದಿನ ತಪಾಸಣೆಯ ದಿನವೇ ಅವನನ್ನೂ ಕರೆದುಕೊಂಡು ಹೋಗುತ್ತಾರೆ.